ಎಪ್ಪತ್ತು ಬಾಗಿಲುಗಳ ಹಿಂದಿದ್ದ ಹದಿನೇಳನೆಯ ಕೊರೆತ

ನಮ್ಮ ತಾಮ್ರಸೀಮೆಯಲ್ಲಿ ಹೆಸರು ಮಾಡಿದವರು ಹಲವರಿದ್ದಾರೆ: ಸುರಂಗ ತೋಡಿಸಿದವರು, ಕುಲುಮೆ ಕಟ್ಟಿಸಿದವರು, ಮುಷ್ಕರ ನಡೆಸಿ ಸೆರೆಮನೆ ಕಂಡವರು. ಆದರೆ ನೆಲದಾಳದಿಂದ ಕೊರೆದು ತೆಗೆದ ಕಲ್ಲಿನ ಕೋಲನ್ನು ಕೈಗೆತ್ತಿಕೊಂಡು, ಮೇಲೆ ನೀರು ಹನಿಸಿ, ಇದು ಅದಿರು ಇದು ಬರಡು ಎಂದು ಮೊತ್ತಮೊದಲು ಹೇಳುವವರ ಹೆಸರು ಯಾರ ಭಾಷಣದಲ್ಲೂ ಬರುವುದಿಲ್ಲ. ಅಂಥ ಕೆಲಸವನ್ನು ಮೂವತ್ತೆಂಟು ವರ್ಷ ಒಂದೇ ತಗಡಿನ ಸೂರಿನಡಿ ಮಾಡಿ ಈಗ ನಿವೃತ್ತರಾಗಿರುವ ಮಾನ್ಯ ಲ್ಯಾಂಗ್ಸನ್ ಜೆರೆಯವರ ಅಭಿನಂದನ ಸಂಪುಟಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ ಅವರ ಶಿಷ್ಯೆಯಾದ ನನಗೆ ಒದಗಿದೆ. ಭಾಗ್ಯ ಎಂಬ ಪದವನ್ನು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದೇನೆ.

ನಿಜ ಹೇಳಬೇಕೆಂದರೆ ಈ ಲೇಖನವನ್ನು ನಾನು ಮೇ ತಿಂಗಳಲ್ಲೇ ಒಮ್ಮೆ ಬರೆದು ಮುಗಿಸಿದ್ದೆ. ಅದರ ಮೊದಲ ವಾಕ್ಯ ಹೀಗಿತ್ತು: ‘ಜೆರೆಯವರ ದಾಖಲೆ ಪುಸ್ತಕಗಳಲ್ಲಿ ಹುಡುಕಿದರೂ ಒಂದು ಸುಳ್ಳು ಅಕ್ಷರ ಸಿಕ್ಕದು.’ ಸಂಪಾದಕರು ಅದನ್ನು ಬಹಳ ಮೆಚ್ಚಿ ಸಂಪುಟದ ಹೊದಿಕೆಯ ಮೇಲೆ ಹಾಕುವುದೆಂದು ತೀರ್ಮಾನಿಸಿದ್ದರು. ಜೂನ್ ತಿಂಗಳ ಎರಡನೆಯ ಭಾನುವಾರ, ಹಾಡುಹಗಲಲ್ಲಿ, ಕಸೊಂಗೊಲೆಯ ಚೆಂಡಾಟದ ಮೈದಾನದಲ್ಲಿ ಆ ವಾಕ್ಯ ಸತ್ತುಹೋಯಿತು. ಅಂದಿನ ಆಘಾತ ನನ್ನ ಮೈಯಿಂದ ಇನ್ನೂ ಇಳಿದಿಲ್ಲ.

ಜೆರೆಯವರು ಪೂರ್ವದ ಚಿಪಾಟಾ ಕಡೆಯ ಅಂಗೋನಿ ಜನ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿ, ಇಪ್ಪತ್ತೆರಡನೆಯ ವಯಸ್ಸಿಗೆ ಒಂದು ತಗಡಿನ ಪೆಟ್ಟಿಗೆ ಹೊತ್ತು ನಮ್ಮ ಗಣಿಗೆ ಬಂದವರು. ಬಂದ ದಿನವೇ ಅವರನ್ನು ಕೋರ್ ಶೆಡ್ಡಿಗೆ ಹಾಕಿದರು. ಕೊರೆಯುವ ಯಂತ್ರ ನೆಲದಿಂದ ಎಳೆದು ತೆಗೆಯುವ ಲಟ್ಟಣಿಗೆ ಗಾತ್ರದ ಕಲ್ಲಿನ ಕೋಲುಗಳನ್ನು ಆಳದ ಕ್ರಮದಲ್ಲಿ ತಟ್ಟೆಗಳಲ್ಲಿ ಜೋಡಿಸಿಡುವ ಜಾಗ ಅದು. ಉಳಿದವರು ಅಲ್ಲಿಂದ ಹೇಗೆ ಪಾರಾಗುವುದೆಂದು ನೋಡುತ್ತಿದ್ದರೆ, ಜೆರೆಯವರು ಅಲ್ಲೇ ಬೇರು ಬಿಟ್ಟರು. ಕಾಲೇಜಿನ ಮೆಟ್ಟಿಲು ಹತ್ತದ ಅವರ ಬಳಿ ಪದವಿ ಹೊತ್ತ ಭೂವಿಜ್ಞಾನಿಗಳು ಬಂದು, ‘ಬಾ ಜೆರೆ, ಇದೇನಂತೀರಿ?’ ಎಂದು ಕೈಕಟ್ಟಿ ಕೇಳುವುದನ್ನು ನಾನೇ ಕಂಡಿದ್ದೇನೆ. ಹಿರಿಯರ ಹೆಸರಿನ ಮುಂದೆ ನಾವು ಸೇರಿಸುವ ಆ ಗೌರವದ ‘ಬಾ’ ಅವರಿಗೆ ಮೂವತ್ತು ತುಂಬುವ ಮೊದಲೇ ಸಂದಿತ್ತು.

ನನ್ನ ತಾಯಿಯ ಮನೆ ಇರುವುದು ಗಣಿಯ ಬೇಲಿಗೆ ಹೊಂದಿದ ಕಸೊಂಗೊಲೆ ಬೀದಿಯಲ್ಲಿ. ಎಪ್ಪತ್ತು ಮನೆಗಳ ಒಂದೇ ಉದ್ದನೆಯ ಬೀದಿ. ನಮ್ಮ ವಾಡಿಕೆಯಂತೆ ಮಗಳ ಹೆಸರಿನಿಂದಲೇ ತಾಯಿಯನ್ನು ಕರೆಯುವುದರಿಂದ ಅವಳು ಎಲ್ಲರಿಗೂ ಬನಾ ಮ್ವೆವಾ, ಮ್ವೆವಾಳ ಅಮ್ಮ. ನಾವು ಬೆಂಬಾ. ಬೆಂಬಾಗಳಿಗೂ ಅಂಗೋನಿಗಳಿಗೂ ಹಿಂದೆಂದೋ ಘೋರ ಕಾದಾಟವಾಗಿತ್ತಂತೆ. ಅದು ಮುಗಿದು ಉಳಿದದ್ದು ಬೈಗುಳದ ನಂಟು. ಸಾವಿನ ಮನೆಯಲ್ಲಾಗಲಿ ಮದುವೆ ಮನೆಯಲ್ಲಾಗಲಿ, ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಆಡಿಕೊಳ್ಳಬಹುದು. ಆಡಿಸಿಕೊಂಡವರು ಸಿಟ್ಟಾಗುವಂತಿಲ್ಲ, ಆಡಿದ್ದನ್ನು ನಂಬುವಂತೆಯೂ ಇಲ್ಲ. ಈ ಕೊನೆಯ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಾವು ಎಡವಿದ್ದು ಇಲ್ಲೇ.

ಜೆರೆಯವರು ನಮ್ಮ ಬಾಗಿಲಿಗೆ ಬಂದರೆಂದರೆ ಇಡೀ ಬೀದಿಗೆ ಕೇಳಿಸುತ್ತಿತ್ತು.

“ಏ ಮಂಗ ತಿನ್ನೋಳೇ, ಒಲೆ ಮೇಲೇನಿದೆ ಇವತ್ತು, ಬಾಲವೋ ಕಿವಿಯೋ?”

“ಬಾರೋ ಇಲಿ ತಿನ್ನೋನೇ, ನಿನ್ನ ನೋಡಿ ನಮ್ಮನೆ ಇಲಿಗಳೆಲ್ಲ ಬಿಲ ಸೇರಿದ್ವು!”

ಹೀಗೆ ಶುರುವಾದರೆ ಎನ್ಶಿಮಾ ಮುದ್ದೆ ಮುರಿದು ಕಪೆಂಟಾ ಮೀನಿನ ಸಾರಿಗೆ ಅದ್ದುವವರೆಗೂ ನಿಲ್ಲುತ್ತಿರಲಿಲ್ಲ. ಅವರು ಉಪಕಾರ ಮಾಡುತ್ತಿದ್ದುದೂ ಈ ಬೈಗುಳದ ಮರೆಯಲ್ಲೇ. ಲೋಕಕ್ಕೆಲ್ಲ ತಂತಿಯೆಳೆಯಲು ತಾಮ್ರ ಕೊಡುವ ನಮ್ಮ ಊರಿನಲ್ಲಿ ದಿನದ ಅರ್ಧ ಹೊತ್ತು ಕರೆಂಟಿರುವುದಿಲ್ಲ. ಹನ್ನೆರಡನೆಯ ತರಗತಿಯ ಪರೀಕ್ಷೆಗೆ ನಾನು ಓದಿದ್ದು ಜನರೇಟರ್ ಇದ್ದ ಕೋರ್ ಶೆಡ್ಡಿನಲ್ಲಿ, ಮಗುಚಿ ಹಾಕಿದ ಕಲ್ಲಿನ ತಟ್ಟೆಯ ಮೇಲೆ ಪುಸ್ತಕವಿಟ್ಟುಕೊಂಡು. “ಈ ಮಂಗ ಓದ್ಕೊಂಡ್ರೆ ನಮ್ಮ ಜೋಳದ ಹೊಲಕ್ಕೆ ಕಾಟ ಕಡಿಮೆ” ಎಂದು ಮೇಲಧಿಕಾರಿಗೆ ಹೇಳಿ ಒಪ್ಪಿಸಿದ್ದರು. ಮುಂದೆ ನಾನು ಪದವಿ ಪಡೆದು ಅದೇ ಗಣಿಗೆ ಬಂದಾಗ, ಹೆಣ್ಣು ಸುರಂಗಕ್ಕಿಳಿದರೆ ಕೇಡು ಎಂದು ಪಾಳಿಯ ಗಂಡಸರು ಲಿಫ್ಟಿನ ಬಾಗಿಲಲ್ಲಿ ಅಡ್ಡ ನಿಂತರು. ಜೆರೆಯವರು ನನಗಿಂತ ಮುಂದೆ ಒಳಗೆ ಹೋಗಿ ನಿಂತು, “ಇವಳು ಹೆಣ್ಣಲ್ರಪ್ಪ, ಬೆಂಬಾ. ಕೇಡು ಇವರಿಗೆ ಹೆದರ್ತದೆ” ಎಂದರು. ಗಂಡಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಂತೆ ಲಿಫ್ಟು ಇಳಿಯಿತು. ತಮ್ಮ ಕೊರಳಿನಲ್ಲಿದ್ದ ಪುಟ್ಟ ಮಸೂರವನ್ನು ತೆಗೆದು ಅಂದೇ ನನ್ನ ಕೊರಳಿಗೆ ಹಾಕಿದರು. ಅದು ಈಗಲೂ ನನ್ನ ಕೊರಳಿನಲ್ಲಿದೆ.

ಅವರು ಕಲಿಸಿದ ಪಾಠ ಒಂದೇ: “ಮೊದ್ಲು ನೋಡು, ಆಮೇಲೆ ಬರಿ. ಬರ್ದಾದ್ಮೇಲೆ ನೋಡಿದ್ರೆ, ಬರ್ದದ್ದೇ ಕಾಣ್ತದೆ.” ಈ ಮಾತನ್ನು ನಾನು ನನ್ನ ಕಿರಿಯರಿಗೆಲ್ಲ ಒಪ್ಪಿಸುತ್ತ ಬಂದೆ. ಅರ್ಥವಾದದ್ದು ಮಾತ್ರ ಈ ಜೂನಿನಲ್ಲಿ.

೧೯೯೮ರ ವಿಷಯಕ್ಕೆ ಬರಬೇಕು. ಸರಕಾರ ಗಣಿಯನ್ನು ಮಾರುವ ಮೊದಲು ಸುತ್ತಲಿನ ನೆಲದಲ್ಲಿ ಏನಿದೆಯೆಂದು ತಿಳಿಯಲು ಇಪ್ಪತ್ತು ಕಡೆ ಕೊರೆಸಿತು. ಹದಿನೇಳನೆಯ ಕೊರೆತ ಬಿದ್ದದ್ದು ಕಸೊಂಗೊಲೆಯ ಚೆಂಡಾಟದ ಮೈದಾನದ ಅಂಚಿನಲ್ಲಿ. ಜೆರೆಯವರ ದಾಖಲೆ ಹೇಳಿತು: ಬರಡು. ಕೋಲುಗಳನ್ನು ಸೀಳಿ ಪರೀಕ್ಷಿಸಿದ ಪ್ರಯೋಗಾಲಯವೂ ಹೇಳಿತು: ಬರಡು. ಅದೇ ತಿಂಗಳು ಜೆರೆಯವರು ಒಂದು ಕೈಗಾಡಿಯನ್ನು ತಳ್ಳಿಕೊಂಡು ನಮ್ಮ ಬೀದಿಗೆ ಬಂದು, ಮನೆಗೊಂದರಂತೆ ಅಡಿಯಷ್ಟು ಉದ್ದದ ಕಲ್ಲಿನ ಕೋಲು ಹಂಚಿದರು. ನಮ್ಮ ಗಣಿ ಊರುಗಳಲ್ಲಿ ಇದೇನೂ ಹೊಸದಲ್ಲ. ಬೇಡವಾದ ಕೋಲುಗಳನ್ನು ಹೂವಿನ ಪಾತಿಗೆ ಅಂಚು ಕಟ್ಟಲು, ಗಾಳಿಗೆ ಬಾಗಿಲು ಬಡಿಯದಂತೆ ಒತ್ತಿಡಲು ಎಲ್ಲರೂ ಒಯ್ಯುತ್ತಾರೆ. ನನಗಾಗ ಹತ್ತು ವರ್ಷ. ಅವರು ನಮ್ಮಮ್ಮನ ಕೈಗೆ ಕಲ್ಲು ಕೊಡುತ್ತ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

“ತಗೋ, ಮಂಗನ ಮೂಳೆ ಒಡೆಯೋಕೆ. ಕಳೆದ್ರೆ ನೋಡು, ನಿನ್ನ ಸಾವಿಗೆ ಬಂದು ಅಳೋದಿಲ್ಲ.”

ಅಮ್ಮ ಅದನ್ನು ಅಡುಗೆಮನೆಯ ಬಾಗಿಲಿಗೆ ಒತ್ತಿಟ್ಟಳು. ಕಡಲೆಕಾಯಿ ಒಡೆಯಲೂ ಅದೇ, ಗೋಡೆಗೆ ಮೊಳೆ ಹೊಡೆಯಲೂ ಅದೇ. ಅದರ ಒಂದು ತುದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದ ಒಂದು ಅಂಕಿಯಿತ್ತು. ಹೊಗೆ ಹಿಡಿದು ಅದು ಮುಚ್ಚಿಹೋಯಿತು. ಅಂದಿನಿಂದ ಜೆರೆಯವರ ಬೈಗುಳಕ್ಕೆ ಒಂದು ಹೊಸ ಸಾಲು ಸೇರಿತು: “ಮಂಗಗಳಾ, ನಿಮ್ಮ ಮಂಚದ ಕೆಳಗೆ ತಾಮ್ರ ಇದೆ, ರಾಜಧಾನಿ ಲುಸಾಕಾಗೆಲ್ಲ ತಂತಿ ಎಳೀಬಹುದು. ಮೇಲೆ ಬಿದ್ಕೊಂಡು ಗೊರಕೆ ಹೊಡೀತೀರಲ್ಲ!” ಮದುವೆಯಲ್ಲಿ ಹೇಳಿದರು, ನಾಮಕರಣದಲ್ಲಿ ಹೇಳಿದರು, ನಮ್ಮಜ್ಜಿಯ ಶವದ ಪೆಟ್ಟಿಗೆಯ ಪಕ್ಕ ನಿಂತು ಹೇಳಿದರು. ನಾವು ಬಿದ್ದು ಬಿದ್ದು ನಕ್ಕೆವು.

ನಾನು ಬೆಳೆದು, ಓದಿ, ಎಂ.ಎಸ್ಸಿ.ಗೆ ಒಂದು ಪ್ರಬಂಧ ಬರೆದೆ. ನಮ್ಮ ಗಣಿಯ ಅದಿರಿನ ಪದರ ಕಸೊಂಗೊಲೆಯ ಅಡಿಗೆ ಬರುವ ಹೊತ್ತಿಗೆ ಏಕೆ ತೆಳುವಾಗಿ ನಿಂತುಹೋಗುತ್ತದೆ ಎಂಬುದೇ ಅದರ ವಿಷಯ. ನೂರಾ ನಲವತ್ತು ಪುಟ. ಆಧಾರ: ಹದಿನೇಳನೆಯ ಕೊರೆತ. ಆಮೇಲೆ ಗಣಿಯ ನಿಕ್ಷೇಪದ ವರದಿಗೆ ಸಹಿ ಹಾಕುವ ಅಧಿಕಾರ ಬಂದಾಗ, ಆ ಭಾಗವನ್ನು ಬೂದು ಬಣ್ಣದಲ್ಲಿ ತುಂಬಿ ‘ಇಲ್ಲಿ ಏನೂ ಇಲ್ಲ’ ಎಂದು ನನ್ನ ಹೆಸರಿನಲ್ಲೇ ಬರೆದೆ. ಆ ಪ್ರಬಂಧದ ಕರಡು ತಿದ್ದಿದ್ದು ನಮ್ಮಮ್ಮನ ಅಡುಗೆಮನೆಯಲ್ಲಿ, ಬಾಗಿಲಿಗೆ ಒತ್ತಿಟ್ಟ ಆ ಕಲ್ಲಿನ ಮೇಲೆ ಕಾಲಿಟ್ಟುಕೊಂಡು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಗೆ ನನ್ನ ಚಿತ್ರ ಹಾಕಬೇಕು.

ಇನ್ನು ಆ ಭಾನುವಾರ. ಜೆರೆಯವರ ನಿವೃತ್ತಿಗೆ ಮೂರು ವಾರ ಉಳಿದಿತ್ತು. ಪ್ರಾರ್ಥನೆ ಮುಗಿದ ಮೇಲೆ ‘ಜೆರೆ ಕೊಟ್ಟ ಕಲ್ಲು’ ತೆಗೆದುಕೊಂಡು ಎಲ್ಲರೂ ಮೈದಾನಕ್ಕೆ ಬರಬೇಕೆಂದು ಮನೆಮನೆಗೂ ಹೇಳಿ ಕಳಿಸಿದ್ದರು. “ನಿವೃತ್ತಿ ಹತ್ರ ಬಂತಲ್ಲ, ಇಲಿ ತಲೆಗೇರಿದೆ” ಎಂದು ಆಡಿಕೊಳ್ಳುತ್ತಲೇ ಜನ ಬಂದರು. ಕೆಲವರು ಕೈಗಾಡಿಯಲ್ಲಿ ತಂದರು. ಒಬ್ಬಾಕೆ ಚಿತೆಂಗೆ ಬಟ್ಟೆಯಲ್ಲಿ ಕಲ್ಲನ್ನು ಮಗುವಿನಂತೆ ಬೆನ್ನಿಗೆ ಕಟ್ಟಿಕೊಂಡು ಬಂದಳು. ಅರವತ್ತೆಂಟು ಕಲ್ಲು ಬಂದವು. ಒಂದು ಮುದುಕರೊಬ್ಬರ ಗೋರಿಯ ತಲೆಗೆ ನೆಟ್ಟಿತ್ತು, ಇನ್ನೊಂದು ಪಾಯಿಖಾನೆಯ ಗುಂಡಿಗೆ ಬಿದ್ದಿತ್ತು. ಜೆರೆಯವರು ಒಂದೊಂದನ್ನೇ ತೊಳೆದು, ತುದಿಯ ಅಂಕಿ ಓದಿ, ಮೈದಾನದ ಸುಣ್ಣದ ಗೆರೆಯ ಉದ್ದಕ್ಕೂ ಸಾಲಾಗಿ ಮಲಗಿಸತೊಡಗಿದರು. ಎಂಬತ್ತನಾಲ್ಕು ಮೀಟರಿನಿಂದ ನೂರೈದು ಮೀಟರಿನವರೆಗೆ. ಒಂದರ ತುದಿಯ ಮುರುಕು ಮುಂದಿನದರ ಮುರುಕಿಗೆ ಸರಿಯಾಗಿ ಕೂಡಿಕೊಳ್ಳುತ್ತಿತ್ತು. ಹತ್ತನೆಯ ಕಲ್ಲಿಗೇ ನನಗೆ ತಿಳಿದುಹೋಯಿತು: ಇವು ಅಲ್ಲಿ ಇಲ್ಲಿ ಬಿಸಾಕಿದ ಕಲ್ಲುಗಳಲ್ಲ, ಒಂದೇ ಕೊರೆತದ ಒಂದೇ ಕೋಲು.

ಮಂಡಿಯೂರಿ ಕುಳಿತು, ಅಮ್ಮ ತಂದ ಕಲ್ಲಿನ ತುದಿಯನ್ನು ಸುತ್ತಿಗೆಯಿಂದ ಮುರಿದು, ನೀರು ಸುರಿದು, ಕೊರಳಿನ ಮಸೂರ ಕಣ್ಣಿಗಿಟ್ಟೆ. ನವಿಲುಗರಿಯ ಬಣ್ಣದ ತಾಮ್ರ. ಅದರ ನಡುನಡುವೆ ನಸುಗೆಂಪು ಬೆಳ್ಳಿಯಂತೆ ಮಿಂಚುವ ಕೋಬಾಲ್ಟ್. ಲೋಕವೆಲ್ಲ ಬ್ಯಾಟರಿಗಾಗಿ ಬಾಯಿಬಾಯಿ ಬಿಡುತ್ತಿರುವ ಕೋಬಾಲ್ಟ್, ನಮ್ಮಮ್ಮನ ಅಡುಗೆಮನೆಯ ಬಾಗಿಲಿಗೆ!

“ಬಾ ಜೆರೆ… ಇದು ಯಾವ ಕೊರೆತದ್ದು?”

“ಹದಿನೇಳು.”

“ಹದಿನೇಳು ಬರಡು!”

“ಬರ್ದೋನು ನಾನೇ ಅಲ್ವಾ ಮಗಳೇ.”

ಸುತ್ತ ಇನ್ನೂರು ಜನ ಸೇರಿದ್ದರು. ಆಗ ಅವರು ಎಲ್ಲರಿಗೂ ಕೇಳುವಂತೆ ಹೇಳಿದರು. ೧೯೯೭ರಲ್ಲಿ ಹೊಳೆಯಾಚೆಯ ಬಡಾವಣೆಯ ಅಡಿಯಲ್ಲಿ ಅದಿರಿದೆಯೆಂದು ದಾಖಲಿಸಿದವರು ಅವರೇ. ಮೂರು ತಿಂಗಳಲ್ಲಿ ಲಾರಿಗಳು ಬಂದವು. ಮನೆಗಳು ಗಣಿಯವು, ಜನರ ಕೈಯಲ್ಲಿ ಹಕ್ಕುಪತ್ರವಿಲ್ಲ. ಇನ್ನೂರು ಸಂಸಾರಗಳನ್ನು ಹತ್ತಾರು ಮೈಲಿ ದೂರದ ಕುರುಚಲು ಕಾಡಿನಲ್ಲಿ ಇಳಿಸಿ ಬಂದರು. ಆಮೇಲೆ ತಾಮ್ರದ ಬೆಲೆ ಬಿತ್ತು, ಅಲ್ಲಿ ಗಣಿ ತೋಡಲೇ ಇಲ್ಲ. ಇಂದಿಗೂ ಅಲ್ಲಿ ಹುಲ್ಲಿನ ನಡುವೆ ಬರೀ ಹೊಸ್ತಿಲುಗಳಿವೆ. ಮರುವರ್ಷ ಹದಿನೇಳನೆಯ ಕೊರೆತದಲ್ಲಿ ಅದಿರು ಕಂಡಾಗ, ಈಸ್ಟರ್ ರಜೆಯಲ್ಲಿ ಶೆಡ್ಡಿನಲ್ಲಿ ಒಬ್ಬರೇ ಇದ್ದ ಜೆರೆಯವರು ಅದಿರಿನ ಎಪ್ಪತ್ತು ತುಂಡುಗಳನ್ನು ತೆಗೆದು, ಹಳೆಯ ಕೊರೆತದ ಬರಡು ಕಲ್ಲುಗಳನ್ನು ಆ ತಟ್ಟೆಗಳಿಗೆ ತುಂಬಿದರು. ಪ್ರಯೋಗಾಲಯ ಪ್ರಾಮಾಣಿಕವಾಗಿಯೇ ಬರಡು ಎಂದಿತು.

“ನಿಜ ಬರ್ದೆ, ಇನ್ನೂರು ಮನೆ ಹೋಯ್ತು. ಅದಕ್ಕೇ ಒಂದ್ಸಲ ಸುಳ್ಳು ಬರ್ದೆ. ಸರಿ ಮಾಡ್ದೆ ಅಂತ ಹೇಳೋಕೆ ಬಂದಿಲ್ಲ,” ಎಂದರು ಜೆರೆ. “ಈಗ ನಮ್ಮ ಸುರಂಗದಲ್ಲಿ ಇನ್ನಾರು ವರ್ಷದ ಅದಿರು ಉಳಿದಿದೆ, ಆಮೇಲೆ ಊರೇ ಮುಚ್ತದೆ. ದೊಡ್ಡ ದೇಶದೋರು ಹೊಗೆ ಇಲ್ದಿರೋ ಕಾರು ಓಡ್ಬೇಕು ಅಂತಾರೆ. ಓಡ್ಲಿ, ನಾನ್ಯಾಕೆ ಬೇಡ ಅನ್ಲಿ? ಆದ್ರೆ ಅದರ ಕಲ್ಲು ಎಲ್ಲಿದೆ ಅಂತ ಮೊದ್ಲು ಗೊತ್ತಾಗ್ಬೇಕಾದ್ದು ಅದರ ಮೇಲೆ ಮಲಗಿರೋರಿಗೆ. ಕೈಲಿ ಕಾಗದ ಇಲ್ದೋರಿಗೆ ಹೇಳಿ ಏನು ಪ್ರಯೋಜನ? ಈ ಬೀದಿಯ ಕೊನೇ ಹಕ್ಕುಪತ್ರ ಹೋದ ಏಪ್ರಿಲ್‌ನಲ್ಲಿ ಬಂತು, ಬನಾ ಮ್ವೆವಾಗೆ. ಅದಕ್ಕೇ ಇವತ್ತು ಹೇಳ್ದೆ.”

ನಾನು ಸಿಟ್ಟಿನಿಂದ ಎದ್ದೆ. ಗುರುವಿನ ಎದುರು ದನಿಯೆತ್ತಿದ್ದು ಅದೇ ಮೊದಲು.

“ನನ್ನ ಪ್ರಬಂಧ? ನನ್ನ ಸಹಿ? ಅಷ್ಟು ವರ್ಷ ಎದುರಿಗೇ ಕೂತು ನೋಡ್ತಾ ಇದ್ರಲ್ಲ, ಒಂದು ಮಾತು ಹೇಳ್ಬಾರದಿತ್ತಾ?”

“ಹೇಳ್ದೆನಲ್ಲ. ಎಷ್ಟು ಸಲ ಹೇಳ್ಲಿಲ್ಲ? ನಿಮ್ಮಜ್ಜಿ ಸಾವಿನ ದಿನಾನೂ ಹೇಳ್ದೆ. ನೀನೂ ನಕ್ಕೆ.”

ಆಗ ಮುಂದೆ ನುಗ್ಗಿದವಳು ನಮ್ಮಮ್ಮ.

“ಲೋ ಇಲಿ ತಿನ್ನೋನೇ! ಇಪ್ಪತ್ತಾರು ವರ್ಷ ನನ್ ಕೈಲಿ ತಾಮ್ರದಿಂದ ಕಡ್ಲೆಕಾಯಿ ಒಡೆಸಿದ್ಯಲ್ಲೋ!” ಎಂದು ಅವರ ಎದೆಗೆ ಎರಡೂ ಕೈಯಿಂದ ಗುದ್ದಿ, ಅಲ್ಲೇ ಅವರ ಭುಜ ಹಿಡಿದುಕೊಂಡು ಅತ್ತುಬಿಟ್ಟಳು. ಹೊಳೆಯಾಚೆಯ ಹೊಸ್ತಿಲುಗಳಲ್ಲಿ ಒಂದು ಅವಳ ತಂಗಿಯದು. ಆ ಸಂಸಾರ ಎಲ್ಲಿ ಚೆದುರಿತೆಂದು ನಮಗೆ ಈಗಲೂ ಪೂರ್ತಿ ತಿಳಿಯದು.

ಮರುದಿನ ಬೆಳಿಗ್ಗೆ ಜೆರೆಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಣಿಯ ವ್ಯವಸ್ಥಾಪಕರ ಕಚೇರಿಗೆ ತಾವೇ ಹೋದರು. ನಾನೂ ಜೊತೆಗೆ ಹೋಗಿ, ನನ್ನ ವರದಿ ತಪ್ಪೆಂದು ಬರೆದುಕೊಟ್ಟೆ. ವ್ಯವಸ್ಥಾಪಕರು ಅದನ್ನು ಎರಡು ಸಲ ಓದಿದರು. ಕೊನೆಗೆ, “ಇದು ಇನ್ಯಾರಿಗೆ ಗೊತ್ತು?” ಎಂದರು. “ಎಪ್ಪತ್ತು ಮನೆಗೆ ಗೊತ್ತು, ಸರ್. ಕಾಗದ ಇರೋ ಎಪ್ಪತ್ತು ಮನೆಗೆ” ಎಂದು ಜೆರೆಯವರು ವಿನಯದಿಂದಲೇ ಉತ್ತರಿಸಿದರು. ಬೀಳ್ಕೊಡುಗೆಯ ಔತಣ ರದ್ದಾಯಿತು. ಈ ಸಂಪುಟಕ್ಕೆ ಬಂದಿದ್ದ ಒಂಬತ್ತು ಲೇಖನಗಳಲ್ಲಿ ಆರನ್ನು ಅವುಗಳ ಲೇಖಕರು ಹಿಂದಕ್ಕೆ ಪಡೆದರು. ಬೀದಿಯವರು ಪಟ್ಟು ಹಿಡಿದದ್ದರಿಂದ ಸಂಪುಟವೇನೋ ಉಳಿಯಿತು. ೧೯೯೭ರವರೆಗಿನ ಸೇವೆಯನ್ನಷ್ಟೇ ಸ್ಮರಿಸಿ ನಿಲ್ಲಿಸಿದರೆ ಚೆನ್ನ ಎಂದು ಸಂಪಾದಕರು ನನಗೆ ಮೆಲ್ಲನೆ ಸೂಚಿಸಿದರು. ಅವರ ಮೇಲೆ ನನಗೆ ಗೌರವವಿದೆ, ಸಲಹೆಯನ್ನು ಪಾಲಿಸಿಲ್ಲ.

ಈಗ ಬೀದಿಯ ಸಮಿತಿಯೂ ಗಣಿಯೂ ಒಂದೇ ಮೇಜಿನ ಸುತ್ತ ಕುಳಿತಿವೆ. ನೆಲದೊಳಗಿನದು ಸರಕಾರದ್ದು, ಮೇಲಿನದು ನಮ್ಮದು. ಮೇಲಿನವರನ್ನು ಕೇಳದೆ ಒಳಗೆ ಕೈ ಹಾಕುವಂತಿಲ್ಲ. ಮನೆಗಳನ್ನು ಕೆಡವದೆ ಹಳೆಯ ಸುರಂಗದಿಂದಲೇ ಅಡಿಯಲ್ಲಿ ಸಾಗಬಹುದೆಂದು ಈಗ ನಾನು ತೋರಿಸಿಕೊಟ್ಟಿದ್ದೇನೆ. ಖರ್ಚು ಹೆಚ್ಚೆಂದು ಅವರು ಗೊಣಗುತ್ತಿದ್ದಾರೆ. ಅದಿರನ್ನು ಹಸಿಯಾಗಿ ಹೊರದೇಶಕ್ಕೆ ಕಳಿಸದೆ ಇಲ್ಲೇ ಶುದ್ಧಮಾಡಬೇಕು, ಅದಕ್ಕೆ ಬರುವ ಕರೆಂಟಿನಲ್ಲಿ ಬೀದಿಗೂ ಪಾಲಿರಬೇಕು ಎಂಬುದು ಜನರ ಬೇಡಿಕೆ. ಇವೆರಡೂ ಇನ್ನೂ ಬಗೆಹರಿದಿಲ್ಲ. ಬಗೆಹರಿದವು ಎಂದು ಬರೆಯಬಹುದಿತ್ತು, ಆದರೆ ಈ ಸಂಪುಟಕ್ಕೆ ಒಬ್ಬರ ಸುಳ್ಳು ಸಾಕು. ಬಗೆಹರಿದದ್ದು ಒಂದು: ಕೋರ್ ಶೆಡ್ಡಿಗೆ ಈಗ ಎರಡು ಬೀಗ, ಎರಡನೆಯದರ ಕೀಲಿ ಬೀದಿಯವರ ಕೈಯಲ್ಲಿ. ಹದಿನೇಳನೆಯ ಕೊರೆತದ ತಟ್ಟೆಗಳು ಮರಳಿ ತುಂಬಿವೆ. ಮೂರು ಕಡೆ ಮಾತ್ರ ಕಲ್ಲಿನ ಬದಲು ಮರದ ತುಂಡುಗಳಿವೆ. ಒಂದರ ಮೇಲೆ ‘ಗೋರಿಯಲ್ಲಿದೆ’ ಎಂದಿದೆ, ಇನ್ನೊಂದರ ಮೇಲೆ ‘ಗುಂಡಿಯಲ್ಲಿದೆ’. ಮೂರನೆಯದರ ಮೇಲೆ ‘ಬನಾ ಮ್ವೆವಾ ಕೊಡಲೊಪ್ಪಲಿಲ್ಲ’. ಗಾಳಿಗೆ ಅಡುಗೆಮನೆಯ ಬಾಗಿಲು ಬಡಿಯುತ್ತದಂತೆ.

ಜೆರೆಯವರನ್ನು ಕ್ಷಮಿಸಿದ್ದೀಯಾ ಎಂದು ಕೆಲವರು ಕೇಳುತ್ತಾರೆ. ನೂರಾ ನಲವತ್ತು ಪುಟ ಬರೆದವಳ ಸಂಕಟ ಬರೆದವಳಿಗೇ ಗೊತ್ತು. ಆದರೆ ನಾನು ಬೆಳೆದ ಸೂರು, ಹೊಸ್ತಿಲು, ಅಮ್ಮನ ಒಲೆ, ಎಲ್ಲವೂ ಅವರು ಬರೆದ ಆ ಒಂದು ಸುಳ್ಳು ಪದದ ಮೇಲೆ ನಿಂತಿದ್ದವು ಎಂಬುದನ್ನು ನೆನೆದಾಗಲೆಲ್ಲ ಬೆಚ್ಚಿಬೀಳುತ್ತೇನೆ. ಕೋಪ ಮಾಡಿಕೊಳ್ಳಲೆಂದು ಹೋಗುತ್ತೇನೆ, ಕಾಲು ಮುಟ್ಟಿ ಬರುತ್ತೇನೆ.

ಕಳೆದ ತಿಂಗಳು ಪಕ್ಕದ ಚಿಲಿಂಬಾ ಬೀದಿಯಲ್ಲೊಂದು ಸಾವಾಗಿತ್ತು. ಅಲ್ಲಿ ನಲವತ್ತು ಮನೆ, ಎಲ್ಲರೂ ನಮ್ಮ ಬೆಂಬಾಗಳೇ. ಹಕ್ಕುಪತ್ರ ಇನ್ನೂ ಒಬ್ಬರಿಗೂ ಬಂದಿಲ್ಲ. ನಿವೃತ್ತರಾದರೂ ಬೈಗುಳದ ನಂಟಿನಿಂದ ನಿವೃತ್ತಿಯಿಲ್ಲವಾದ್ದರಿಂದ ಜೆರೆಯವರು ಬಂದು, ಸಂಪ್ರದಾಯದಂತೆ ಶವದ ಪೆಟ್ಟಿಗೆಗೆ ಅಡ್ಡ ಮಲಗಿ, ಮಂಗಗಳಾ ಎಂದು ಶುರುಮಾಡಿ, ಬೀದಿಯ ಕಡೆಗೆ ಕೈ ತೋರಿಸಿ ಏನೋ ಒಂದು ತಮಾಷೆ ಮಾಡಿದರು. ಬಾಗಿಲೊಂದರ ಬುಡದಲ್ಲಿ ಹೊಗೆ ಹಿಡಿದ ಒಂದು ಕಲ್ಲಿನ ಕೋಲು ನನ್ನ ಕಣ್ಣಿಗೆ ಬಿತ್ತು. ಜೆರೆಯವರು ಮಲಗಿದಲ್ಲಿಂದಲೇ ನನ್ನತ್ತ ನೋಡುತ್ತಿದ್ದರು.

ಅವರು ಹೇಳಿದ್ದೇನೆಂದು ಇಲ್ಲಿ ಬರೆಯುವುದಿಲ್ಲ. ಸಾವಿನ ಮನೆಯ ತಮಾಷೆಯನ್ನು ಯಾರೂ ನಂಬುವುದಿಲ್ಲ, ನಾನೂ ನಂಬಿಲ್ಲ. ಮಾನ್ಯ ಲ್ಯಾಂಗ್ಸನ್ ಜೆರೆಯವರು ನೂರು ವರ್ಷ ಗಟ್ಟಿಯಾಗಿ ಬಾಳಲಿ, ಚಿಲಿಂಬಾದ ನಲವತ್ತನೆಯ ಹಕ್ಕುಪತ್ರ ಬರುವವರೆಗಂತೂ ಅವರಿಗೊಂದು ನೆಗಡಿಯೂ ಬಾರದಿರಲಿ ಎಂದು ಮನಸಾರೆ ಹಾರೈಸುತ್ತೇನೆ. ಅಂದು ಅವರ ಮಾತಿಗೆ ಇಡೀ ಬೀದಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.